ಹಾಸಿಗೆ ಹಡಗಿನಲ್ಲಿರಲಿ

ದೆಹಲಿಗೂ ಸಮುದ್ರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಇಲ್ಲಿಂದ ಹೊರಟು ಅಲೆಯ ಸದ್ದು ಕೇಳಬೇಕಾದರೆ ಸಾವಿರ ಕಿಲೋಮೀಟರಿನ ಆಸುಪಾಸು ದಾರಿ ಸವೆಸಬೇಕು. 2024ರಲ್ಲಿ ಶ್ರೀ ವಿಜಯಪುರಂ ಎಂಬ ಹೊಸ ಹೆಸರು ಪಡೆದ ಪೋರ್ಟ್ ಬ್ಲೇರ್ ಇನ್ನೂ ದೂರ, ವಿಮಾನದಲ್ಲಿ ಸುಮಾರು ಎರಡೂವರೆ ಸಾವಿರ ಕಿಲೋಮೀಟರ್. ಇಷ್ಟಿದ್ದರೂ ಸಮುದ್ರದ ಸಂಗತಿ ಈ ಊರಿಗೆ ಎರಡು ದಾರಿಯಿಂದ ಬಂದು ಸೇರುತ್ತದೆ. ದೆಹಲಿ, ಗುರುಗ್ರಾಮ, ನೊಯಿಡಾಗಳ ಈಜುಕೊಳಗಳಲ್ಲಿ ಬೆನ್ನಿಗೆ ಸಿಲಿಂಡರ್ ಬಿಗಿದುಕೊಂಡು ಸ್ಕೂಬಾ ಡೈವಿಂಗಿನ ಮೊದಲ ಪಾಠ ಕಲಿಯುವವರು ಈಗ ಬಹಳ ಮಂದಿ ಇದ್ದಾರೆ. ರಜೆ ಸಿಕ್ಕಿದೊಡನೆ ಅವರು ಅಂಡಮಾನಿಗೋ ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿಗೋ ಮಾಲ್ಡೀವ್ಸಿಗೋ ಹೊರಡುತ್ತಾರೆ. ಅದು ಒಂದು ದಾರಿ. ಇನ್ನೊಂದು ಕಡತಗಳ ದಾರಿ. ಅಂಡಮಾನ್, ನಿಕೋಬಾರ್, ಲಕ್ಷದ್ವೀಪಗಳು ಕೇಂದ್ರಾಡಳಿತ ಪ್ರದೇಶಗಳು. ಅಲ್ಲಿ ಯಾವ ದಡದಲ್ಲಿ ಏನು ಕಟ್ಟಬಹುದು, ಯಾವ ದ್ವೀಪಕ್ಕೆ ಯಾರು ಹೋಗಬಹುದು ಎಂಬ ದೊಡ್ಡ ತೀರ್ಮಾನಗಳು ಜೋರ್‌ಬಾಗಿನ ಪರಿಸರ ಸಚಿವಾಲಯದಲ್ಲಿ, ಗೃಹ ಸಚಿವಾಲಯದಲ್ಲಿ, ನೀತಿ ಆಯೋಗದಲ್ಲಿ, ಕೊನೆಗೆ ಸುಪ್ರೀಂ ಕೋರ್ಟಿನಲ್ಲಿ ಆಗುತ್ತವೆ. ಹೋಗುವವರೂ ಇಲ್ಲಿದ್ದಾರೆ, ಒಪ್ಪಿಗೆ ಕೊಡುವವರೂ ಇಲ್ಲಿದ್ದಾರೆ. ಆದ್ದರಿಂದ ಇವತ್ತಿನ ಮಾತು ಈ ಊರಿಗೇ ಸೇರಿದ್ದು. ನಾನು ಹೇಳಬೇಕಾದದ್ದು ಇಷ್ಟು: ಜನವಸತಿಯಿಲ್ಲದ, ಹಕ್ಕಿ, ಆಮೆ, ಹವಳ, ಮೀನುಗಳಿಂದ ತುಂಬಿದ ದೂರದ ದ್ವೀಪಗಳನ್ನು ನಾವು ನೋಡಲು ಹೋಗುವುದಾದರೆ ಹಡಗಿನಲ್ಲೇ ಉಂಡು, ಹಡಗಿನಲ್ಲೇ ಮಲಗಿ, ನೀರಿಗಿಳಿದು ನೋಡಿ, ಹಡಗಿನಲ್ಲೇ ಮರಳಬೇಕು. ದ್ವೀಪದ ನೆಲದ ಮೇಲೆ ಪ್ರವಾಸಿಯ ಒಂದು ಹಾಸಿಗೆಯೂ ಬೀಳಬಾರದು.

ಇಂಥ ಹಡಗಿಗೆ ಡೈವಿಂಗ್ ಬಲ್ಲವರು ಲಿವ್‌ಅಬೋರ್ಡ್ ಎನ್ನುತ್ತಾರೆ. ದೊಡ್ಡ ವಿಲಾಸಿ ನೌಕೆಯಲ್ಲ ಇದು. ಹತ್ತರಿಂದ ಇಪ್ಪತ್ತು ಡೈವರ್‌ಗಳು, ಅಡುಗೆಯವರು, ಎಂಜಿನ್ ನೋಡಿಕೊಳ್ಳುವವರು, ಒಬ್ಬಿಬ್ಬರು ಡೈವ್ ಗೈಡ್‌ಗಳು, ಹಿಂಬದಿಯ ಡೆಕ್ಕಿನಲ್ಲಿ ಸಾಲಾಗಿ ನಿಲ್ಲಿಸಿದ ಸಿಲಿಂಡರ್‌ಗಳು, ಅವುಗಳಿಗೆ ಗಾಳಿ ತುಂಬುವ ಕಂಪ್ರೆಸರ್. ಬೆಳಕು ಹರಿಯುವ ಹೊತ್ತಿಗೆ ಗೈಡ್ ಬಿಳಿ ಹಲಗೆಯ ಮೇಲೆ ಬಂಡೆಯ ನಕ್ಷೆ ಬರೆದು ಸೆಳವು ಎತ್ತ ಇದೆ, ಎಷ್ಟು ಆಳಕ್ಕೆ ಇಳಿಯಬೇಕು, ಎಷ್ಟು ಗಾಳಿ ಉಳಿದಾಗ ಮೇಲೇರಬೇಕು ಎಂದು ತಿಳಿಸುತ್ತಾರೆ. ಡೈವರ್‌ಗಳು ಜೋಡಿ ಜೋಡಿಯಾಗಿ ಡಿಂಗಿ ಎಂಬ ಸಣ್ಣ ದೋಣಿಯಿಂದ ನೀರಿಗೆ ಉರುಳುತ್ತಾರೆ. ಒಂದು ಡೈವ್ ಸುಮಾರು ಮುಕ್ಕಾಲು ಗಂಟೆ. ಮೇಲೆ ಬಂದು, ಉಂಡು, ದೇಹದಲ್ಲಿ ಸೇರಿದ ನೈಟ್ರೋಜನ್ ಇಳಿಯುವ ತನಕ ವಿಶ್ರಮಿಸಿ ಮತ್ತೆ ಇಳಿಯುವುದು. ದಿನಕ್ಕೆ ಮೂರು, ನಾಲ್ಕು ಬಾರಿ. ರಾತ್ರಿ ಎಲ್ಲರೂ ಮಲಗಿರುವಾಗ ಹಡಗು ಮುಂದಿನ ಬಂಡೆಯತ್ತ ಸಾಗುತ್ತದೆ. ಈ ಪದ್ಧತಿ ಹುಟ್ಟಿದ್ದು ಅನಿವಾರ್ಯದಿಂದ. ಪೆಸಿಫಿಕ್ ಸಾಗರದಲ್ಲಿ ಕೋಸ್ಟರಿಕಾದ ಕೋಕೋಸ್ ದ್ವೀಪ ಮುಖ್ಯಭೂಮಿಯಿಂದ 550 ಕಿಲೋಮೀಟರ್ ದೂರದಲ್ಲಿದೆ, ಹಡಗಿನಲ್ಲಿ ಒಂದೂವರೆ ದಿನದ ಪಯಣ. ಬೆಳಗ್ಗೆ ಹೋಗಿ ಸಂಜೆ ಬರುವ ಮಾತಿಲ್ಲ. ದ್ವೀಪದಲ್ಲಿ ಉಳಿಯಲು ಪ್ರವಾಸಿಗೆ ಅನುಮತಿಯೂ ಇಲ್ಲ, ಅಲ್ಲಿ ವಾಸವಿರುವವರು ಉದ್ಯಾನದ ಕಾವಲುಗಾರರು. ಆದ್ದರಿಂದ ಹಡಗೇ ಮನೆ. ಅನಿವಾರ್ಯದಿಂದ ಬಂದ ಈ ವ್ಯವಸ್ಥೆಯೇ ದ್ವೀಪಗಳ ಪಾಲಿಗೆ ಒಳ್ಳೆಯದಾಗಿದೆ.

ಏಕೆ ಒಳ್ಳೆಯದು ಎಂಬುದಕ್ಕೆ ಮೊದಲ ಕಾರಣ ಕುಡಿಯುವ ನೀರು. ಹವಳದ ಸಣ್ಣ ದ್ವೀಪದಲ್ಲಿ ನದಿಯಿಲ್ಲ, ಕೆರೆಯಿಲ್ಲ. ಬಿದ್ದ ಮಳೆ ಮರಳಿನೊಳಗೆ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ, ಮಜ್ಜಿಗೆಯ ಮೇಲೆ ಬೆಣ್ಣೆ ತೇಲಿದ ಹಾಗೆ ತೆಳ್ಳಗೆ ನಿಂತಿರುತ್ತದೆ. ಮಿತಿಮೀರಿ ಪಂಪು ಹಚ್ಚಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಶೌಚಗುಂಡಿ ತೋಡಿದರೆ ಅದರ ನೀರು ಅದೇ ತೆಳುಪದರಕ್ಕೆ ಸೇರುತ್ತದೆ. ಲಕ್ಷದ್ವೀಪದ 36 ದ್ವೀಪಗಳ ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್ ಮಾತ್ರ, ಜನ ಇರುವುದು ಹತ್ತರಲ್ಲಿ. ಅಲ್ಲಿನ ಜನರ ದಿನನಿತ್ಯದ ಅಗತ್ಯಕ್ಕೇ ನೀರು ಸಾಲದೆ 2005ರಲ್ಲಿ ಕವರತ್ತಿಯಲ್ಲಿ ಸಮುದ್ರದ ನೀರನ್ನು ಸಿಹಿಯಾಗಿಸುವ ಸ್ಥಾವರ ಹಾಕಬೇಕಾಯಿತು. ಪ್ರವಾಸಿಯಾದವನು ದಿನಕ್ಕೆ ಎರಡು ಬಾರಿ ಸ್ನಾನ ಮಾಡುವವನು, ಬಿಳಿ ಹಾಸು ದಿನವೂ ಒಗೆದಿರಬೇಕು ಎನ್ನುವವನು. ಅವನಿಗೊಂದು ಕೋಣೆ ಎಂದರೆ ಅದರ ಹಿಂದೆ ಜನರೇಟರ್, ಡೀಸೆಲ್ ತೊಟ್ಟಿ, ಜೆಟ್ಟಿ, ಉಗ್ರಾಣ, ಕೆಲಸಗಾರರ ವಸತಿ, ಕಸದ ಗುಂಡಿ ಎಲ್ಲವೂ ಬರುತ್ತವೆ. ಸರಕಿನ ಜೊತೆ ಇಲಿ ಬರುತ್ತದೆ. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳಿಗೆ ಇಲಿಯಷ್ಟು ಕೇಡು ಇನ್ನೊಂದಿಲ್ಲ. ದಡದ ದೀಪಗಳು ಗೂಡಿನಿಂದ ಹೊರಬಂದ ಆಮೆಮರಿಗಳನ್ನು ಸಮುದ್ರದ ಬದಲು ಒಳನಾಡಿನತ್ತ ಎಳೆಯುತ್ತವೆ. ಮಾಲ್ಡೀವ್ಸಿನಲ್ಲಿ ರೆಸಾರ್ಟುಗಳ ಮತ್ತು ರಾಜಧಾನಿಯ ಕಸ ಹಾಕುವುದಕ್ಕೆಂದೇ ತಿಲಫುಶಿ ಎಂಬ ಲಗೂನನ್ನು 1990ರ ದಶಕದ ಆರಂಭದಿಂದ ಬಳಸಿದರು, ಆ ಲಗೂನು ಕಸದಿಂದಲೇ ತುಂಬಿ ನೆಲವಾಯಿತು. ಹಡಗಿನ ಮಾತು ಬೇರೆ. ಅದು ತನ್ನ ನೀರನ್ನು ತಾನೇ ಸಿಹಿ ಮಾಡಿಕೊಳ್ಳಬಲ್ಲದು, ಕಸವನ್ನು ಬಂದರಿಗೆ ವಾಪಸು ತರಬಲ್ಲದು, ಹವಾಮಾನ ಕೆಟ್ಟಾಗ ಹೊರಟು ಹೋಗಬಲ್ಲದು. ಎಲ್ಲಕ್ಕಿಂತ ದೊಡ್ಡದು, ನಾವು ಮಾಡಿದ್ದು ತಪ್ಪೆಂದು ಹತ್ತು ವರ್ಷದ ನಂತರ ಗೊತ್ತಾದರೆ ಪರವಾನಗಿ ನಿಲ್ಲಿಸಬಹುದು, ಮರುದಿನವೇ ಆ ದ್ವೀಪದ ಎದುರು ಹಡಗಿರುವುದಿಲ್ಲ. ಕಾಂಕ್ರೀಟು ಹಾಗೆ ಹೋಗುವುದಿಲ್ಲ.

ಇದಕ್ಕೆ ದೊಡ್ಡ ಸಾಕ್ಷಿ ಈಕ್ವೆಡಾರ್ ದೇಶದ ಗಲಪಾಗೋಸ್. ಅಲ್ಲಿನ ನೆಲದ ನೂರಕ್ಕೆ 97 ಭಾಗ 1959ರಿಂದ ರಾಷ್ಟ್ರೀಯ ಉದ್ಯಾನ. 1960ರ ದಶಕದ ಕೊನೆಯಲ್ಲಿ ಸಂಘಟಿತ ಪ್ರವಾಸ ಶುರುವಾದಾಗ ಅದು ಹಡಗಿನ ಪ್ರವಾಸವೇ ಆಗಿತ್ತು. ಒಂದು ಹಡಗಿಗೆ ನೂರು ಪ್ರಯಾಣಿಕರಿಗಿಂತ ಹೆಚ್ಚು ಸಲ್ಲದು. ಹದಿನಾರು ಜನಕ್ಕೊಬ್ಬ ತರಬೇತಿ ಪಡೆದ ಮಾರ್ಗದರ್ಶಿ ಇರಲೇಬೇಕು. ಯಾವ ಹಡಗು ಯಾವ ದಿನ ಯಾವ ತಾಣದಲ್ಲಿರಬೇಕು ಎಂಬುದನ್ನು ಉದ್ಯಾನದ ಆಡಳಿತವೇ ನಿಗದಿ ಮಾಡುತ್ತದೆ. 2012ರಿಂದ ಒಂದು ಹಡಗು ಒಂದು ತಾಣಕ್ಕೆ ಹೋದರೆ ಎರಡು ವಾರದೊಳಗೆ ಅಲ್ಲಿಗೆ ಮರಳುವಂತಿಲ್ಲ. ಎಲ್ಲ ಹಡಗುಗಳ ಹಾಸಿಗೆಗಳನ್ನು ಕೂಡಿದರೂ ಎರಡು ಸಾವಿರ ದಾಟುವುದಿಲ್ಲ. ಹೀಗೆ ಹಡಗಿನ ಪ್ರವಾಸಕ್ಕೆ ಮಿತಿ ಬಿತ್ತು, ಮಿತಿ ನಿಂತಿತು. ಕೈತಪ್ಪಿದ್ದು ನೆಲದ ಮೇಲಿನ ಪ್ರವಾಸ. 1990ರಲ್ಲಿ ವರ್ಷಕ್ಕೆ 40,000ದ ಆಸುಪಾಸಿನಲ್ಲಿದ್ದ ಪ್ರವಾಸಿಗರ ಸಂಖ್ಯೆ 2023ರಲ್ಲಿ ಮೂರು ಲಕ್ಷ ದಾಟಿತು. ಈ ಏರಿಕೆಯ ಬಹುಪಾಲು ಬಂದದ್ದು ಊರುಗಳ ಹೊಟೇಲುಗಳಲ್ಲಿ ಉಳಿಯುವವರಿಂದ. ಅವರ ಹಿಂದೆ ಕೆಲಸ ಹುಡುಕಿಕೊಂಡು ಮುಖ್ಯಭೂಮಿಯಿಂದ ಜನ ಬಂದರು, ಅವರಿಗಾಗಿ ಸರಕು ಬಂತು, ಸರಕಿನ ಜೊತೆ ಹೊರಗಿನ ಕೀಟ, ಕಳೆಗಳು ಬಂದವು. 2024ರ ಆಗಸ್ಟಿನಿಂದ ಪ್ರವೇಶ ಶುಲ್ಕವನ್ನು ನೂರು ಡಾಲರಿನಿಂದ ಇನ್ನೂರಕ್ಕೆ ಏರಿಸಬೇಕಾಯಿತು. ಅದೇ ದ್ವೀಪಸ್ತೋಮದ ಉತ್ತರದ ತುದಿಯಲ್ಲಿ ಡಾರ್ವಿನ್ ಮತ್ತು ವುಲ್ಫ್ ಎಂಬ ಎರಡು ಸಣ್ಣ ದ್ವೀಪಗಳಿವೆ. ಅಲ್ಲಿ ಪ್ರವಾಸಿ ಕಾಲಿಡುವಂತಿಲ್ಲ, ಲಿವ್‌ಅಬೋರ್ಡಿನಲ್ಲಿ ಹೋಗಿ ನೀರಿಗಿಳಿದು ನೋಡಬಹುದು, ಅಷ್ಟೇ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಲ್ಲಿನ ಬಂಡೆಗಳ ಸುತ್ತ ಒಂದು ಹೆಕ್ಟೇರಿಗೆ ಸರಾಸರಿ 17.5 ಟನ್ ಮೀನುಗಳನ್ನು ದಾಖಲಿಸಿತು. ಅದರಲ್ಲಿ ಮುಕ್ಕಾಲು ಪಾಲಿನಷ್ಟು ಶಾರ್ಕ್‌ಗಳು. ಜಗತ್ತಿನಲ್ಲಿ ಬೇರೆಲ್ಲೂ ಶಾರ್ಕ್‌ಗಳ ಅಷ್ಟು ದಟ್ಟಣೆ ಅದುವರೆಗೆ ದಾಖಲಾಗಿರಲಿಲ್ಲ. ಹಡಗು ಬಂದದ್ದರಿಂದ ಶಾರ್ಕ್‌ಗಳು ಹೆಚ್ಚಿದವು ಎಂದು ನಾನು ಹೇಳುತ್ತಿಲ್ಲ. ದೂರವಿರುವುದು, ಮೀನುಗಾರಿಕೆಗೆ ತಡೆಯಿರುವುದು, ಆಳದ ತಣ್ಣೀರು ಮೇಲೇರುವುದು, ಇವೇ ಮುಖ್ಯ ಕಾರಣ. ಜನ ದಶಕಗಳಿಂದ ಅಲ್ಲಿಗೆ ಹಡಗಿನಲ್ಲಿ ಹೋಗಿ ಬರುತ್ತಿದ್ದರೂ ಆ ಸಂಪತ್ತು ಉಳಿದುಕೊಂಡಿದೆ ಎಂಬುದಷ್ಟೇ ನನ್ನ ವಾದಕ್ಕೆ ಸಾಕು.

ಫಿಲಿಪೀನ್ಸಿನ ತುಬ್ಬತಹ ಹವಳದಿಬ್ಬ ಇನ್ನೊಂದು ಸಂಗತಿಯನ್ನು ತೋರಿಸುತ್ತದೆ. ಸುಲು ಸಮುದ್ರದ ನಡುವೆ, ಹತ್ತಿರದ ಪಟ್ಟಣದಿಂದ ಸುಮಾರು 150 ಕಿಲೋಮೀಟರ್ ದೂರದಲ್ಲಿರುವ ಈ ದಿಬ್ಬಕ್ಕೆ ಮಾರ್ಚ್ ಮಧ್ಯದಿಂದ ಜೂನ್ ಮಧ್ಯದವರೆಗೆ, ಮೂರೇ ತಿಂಗಳು ಲಿವ್‌ಅಬೋರ್ಡ್‌ಗಳು ಹೋಗುತ್ತವೆ. ಉಳಿದ ಒಂಬತ್ತು ತಿಂಗಳು ಸಮುದ್ರ ಯಾರನ್ನೂ ಸೇರಿಸುವುದಿಲ್ಲ. ಡೈವರ್‌ಗಳು ಕೊಡುವ ಶುಲ್ಕದಿಂದ ಅಲ್ಲಿನ ಕಾವಲಿನ ಖರ್ಚಿನ ದೊಡ್ಡ ಪಾಲು ನಡೆಯುತ್ತದೆ. ವರ್ಷವಿಡೀ ರೇಂಜರ್‌ಗಳು ಮರಳದಿಬ್ಬದ ಮೇಲಿನ ಒಂದು ಠಾಣೆಯಲ್ಲಿ ಇರುತ್ತಾರೆ. 2013ರ ಜನವರಿಯಲ್ಲಿ ಅಮೆರಿಕದ ನೌಕಾಪಡೆಯ ‘ಗಾರ್ಡಿಯನ್’ ಎಂಬ ಹಡಗು ಆ ದಿಬ್ಬಕ್ಕೆ ಏರಿ ಕುಳಿತು ಎರಡು ಸಾವಿರ ಚದರ ಮೀಟರಿಗಿಂತ ಹೆಚ್ಚು ಹವಳ ಪುಡಿಯಾಯಿತು. ಫಿಲಿಪೀನ್ಸ್ ಅಳತೆ ಹಾಕಿ ಪರಿಹಾರ ಕೇಳಿತು, ಅಮೆರಿಕ ಸುಮಾರು ಇಪ್ಪತ್ತು ಲಕ್ಷ ಡಾಲರ್ ತೆತ್ತಿತು. ಕಾವಲಿರುವ ಕಡೆ ಮಾತ್ರ ಇಂಥ ಲೆಕ್ಕ ಕೇಳಲು ಸಾಧ್ಯ.

ನಮ್ಮಲ್ಲಿ ಇದೆಲ್ಲ ಹೊಸದೇ? ಅಲ್ಲವೇ ಅಲ್ಲ. ದಕ್ಷಿಣ ಅಂಡಮಾನಿನ ವಂಡೂರಿನಲ್ಲಿ 1983ರಲ್ಲಿ ಸ್ಥಾಪನೆಯಾದ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನವನ್ನು ನೋಡಿ. ಹದಿನೈದು ದ್ವೀಪಗಳ ಈ ಉದ್ಯಾನದಲ್ಲಿ ಸಾಮಾನ್ಯ ಪ್ರವಾಸಿಗೆ ತೆರೆದಿರುವುದು ಜಾಲಿ ಬಾಯ್ ಮತ್ತು ರೆಡ್ ಸ್ಕಿನ್ ಎಂಬ ಎರಡು. ಅದೂ ಸರದಿಯ ಮೇಲೆ: ವರ್ಷದ ಒಂದಷ್ಟು ತಿಂಗಳು ಒಂದು, ಉಳಿದ ತಿಂಗಳು ಇನ್ನೊಂದು. ಜೆಟ್ಟಿಯಲ್ಲಿ ಚೀಲ ತೆಗೆಸಿ ನೋಡುತ್ತಾರೆ, ಎಸೆಯುವ ಪ್ಲಾಸ್ಟಿಕ್ ಬಾಟಲಿ, ಪೊಟ್ಟಣ ಒಯ್ಯುವಂತಿಲ್ಲ. ಬೆಳಗ್ಗೆ ಹೋದ ದೋಣಿ ಮಧ್ಯಾಹ್ನದ ನಂತರ ಎಲ್ಲರನ್ನೂ ಮರಳಿ ಕರೆತರುತ್ತದೆ. ರಾತ್ರಿ ದ್ವೀಪದಲ್ಲಿ ಪ್ರವಾಸಿ ಇರುವುದಿಲ್ಲ. ಭಾರತದ ಏಕೈಕ ಸಕ್ರಿಯ ಜ್ವಾಲಾಮುಖಿಯಾದ ಬ್ಯಾರನ್ ದ್ವೀಪವನ್ನು, ನೂರೈವತ್ತಕ್ಕೂ ಹೆಚ್ಚು ವರ್ಷ ತಣ್ಣಗಿದ್ದು 1991ರಲ್ಲಿ ಮತ್ತೆ ಸಿಡಿದ ಆ ಬೆಟ್ಟವನ್ನು, ಹಡಗಿನಿಂದ ನೋಡಬೇಕೇ ಹೊರತು ಇಳಿಯುವಂತಿಲ್ಲ. ಅದರ ಸುತ್ತಲಿನ ತಿಳಿನೀರಿನಲ್ಲಿ ಮಾಂಟಾ ರೇ ಮೀನುಗಳನ್ನು ಕಾಣಲು ಡೈವರ್‌ಗಳು ಹೋಗುವುದೂ ಹಡಗಿನಲ್ಲೇ. ಅದರ ಉತ್ತರಕ್ಕೆ ನಾರ್ಕೊಂಡಮ್ ಇದೆ, ಏಳು ಚದರ ಕಿಲೋಮೀಟರಿಗೂ ಕಡಿಮೆ ನೆಲ. ನಾರ್ಕೊಂಡಮ್ ಮಂಗಟ್ಟೆ ಎಂಬ ಹಕ್ಕಿ ಇಡೀ ಭೂಮಿಯ ಮೇಲೆ ಬದುಕಿರುವುದು ಆ ಒಂದೇ ದ್ವೀಪದಲ್ಲಿ. ಬೇರೆ ಬೇರೆ ಎಣಿಕೆಗಳಲ್ಲಿ ಅದರ ಸಂಖ್ಯೆ ಕೆಲವು ನೂರರಿಂದ ಸುಮಾರು ಒಂದು ಸಾವಿರದವರೆಗೆ. 1969ರಲ್ಲಿ ಅಲ್ಲಿ ಪೊಲೀಸ್ ಠಾಣೆ ಬಂತು. ಸಿಬ್ಬಂದಿಯ ಆಹಾರಕ್ಕೆಂದು ತಂದ ಮೇಕೆಗಳು ಕಾಡಿನಲ್ಲಿ ಬೆಳೆದು ಎಳೆಯ ಸಸಿಗಳನ್ನು ತಿಂದುಹಾಕಿದವು, ಕೊನೆಗೆ ಅವನ್ನು ಹಿಡಿದು ತೆರವು ಮಾಡಬೇಕಾಯಿತು. ಗಮನಿಸಿ, ಇದು ರೆಸಾರ್ಟಲ್ಲ. ದೇಶದ ಕಾವಲಿಗಾಗಿ ಬಂದ ಬೆರಳೆಣಿಕೆಯ ಜನರ ವಸತಿ. ಅಷ್ಟರಿಂದಲೇ ಕಾಡು ಅಷ್ಟು ನಲುಗಿತು. ಅಲ್ಲಿ ರಾಡಾರ್ ಮತ್ತು ಡೀಸೆಲ್ ವಿದ್ಯುತ್ ಘಟಕ ಹಾಕುವ ಕರಾವಳಿ ಕಾವಲು ಪಡೆಯ ಪ್ರಸ್ತಾವ ದೆಹಲಿಗೆ ಬಂದಾಗ ಪರಿಸರ ಸಚಿವಾಲಯ 2012ರಲ್ಲಿ ನಿರಾಕರಿಸಿತು, 2014ರಲ್ಲಿ ಒಪ್ಪಿತು. ರಕ್ಷಣೆಯ ಅಗತ್ಯವನ್ನು ಅಳೆಯುವ ಅಧಿಕಾರ ನನಗಿಲ್ಲ. ರಕ್ಷಣೆಗೇ ಇಷ್ಟು ಯೋಚಿಸಬೇಕಾದ ಕಡೆ ವಿಹಾರದ ಕೋಣೆಗೆ ಸುತರಾಂ ಜಾಗವಿಲ್ಲ ಎಂಬುದು ನನ್ನ ಮಾತು.

ನಮ್ಮ ಕರ್ನಾಟಕದ ನೇತ್ರಾಣಿಯೂ ಇದನ್ನೇ ಹೇಳುತ್ತದೆ. ಭಟ್ಕಳ ತಾಲ್ಲೂಕಿನ ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರ. ಪುನೀತ್ ರಾಜ್‌ಕುಮಾರ್ ಅವರ ಕೊನೆಯ ಚಿತ್ರ, 2022ರ ‘ಗಂಧದ ಗುಡಿ’ಯಲ್ಲಿ ಆ ನೀರಿನ ಒಳಗನ್ನು ಕಂಡ ಕನ್ನಡಿಗರು ಲಕ್ಷಾಂತರ. ಬಿಳಿಹೊಟ್ಟೆಯ ಕಡಲಹದ್ದು ಅಲ್ಲಿ ಗೂಡು ಕಟ್ಟುತ್ತದೆ. ನೌಕಾಪಡೆ ಗುರಿಯ ಅಭ್ಯಾಸಕ್ಕೆ ಬಳಸಿದ ಆ ಬಂಡೆಯ ಮೇಲೆ ಹೊಟೇಲಿಲ್ಲ, ಬೆಳಗ್ಗೆ ದೋಣಿಯಲ್ಲಿ ಹೋದವರು ಅದೇ ದಿನ ಮರಳುತ್ತಾರೆ. ಊಟ, ವಸತಿಯ ಹಣ ಮುರುಡೇಶ್ವರದ ಊರಿನಲ್ಲೇ ಉಳಿಯುತ್ತದೆ. ದಡ ಹತ್ತಿರವಿರುವುದರಿಂದ ಅಲ್ಲಿಗೆ ಲಿವ್‌ಅಬೋರ್ಡ್ ಬೇಕಿಲ್ಲ. ಸೂತ್ರ ಮಾತ್ರ ಒಂದೇ.

ಇನ್ನು ಆಕ್ಷೇಪಗಳಿಗೆ ಬರೋಣ. ಮೊದಲನೆಯದು, ದ್ವೀಪವನ್ನು ಉಳಿಸಹೊರಟು ನೀರಿನ ಒಳಗನ್ನು ಕೆಡಿಸುತ್ತೀರಿ ಎಂಬುದು. ಇದು ಗಟ್ಟಿಯಾದ ಆಕ್ಷೇಪ. ಹವಳಬಂಡೆಯ ಮೇಲೆ ಲಂಗರು ಬಿದ್ದರೆ ಏನಾಗುತ್ತದೆ ನೋಡಿ. ಲಂಗರು ಬಿದ್ದ ಜಾಗ ಒಡೆಯುವುದು ಒಂದು. ಗಾಳಿ ತಿರುಗಿದಂತೆ ಹಡಗು ತಿರುಗುತ್ತದೆ, ಅದರೊಡನೆ ಭಾರದ ಸರಪಳಿ ತಳದ ಮೇಲೆ ಅರ್ಧ ವೃತ್ತ ಉಜ್ಜುತ್ತ ಸಾಗುತ್ತದೆ. ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆಯುವ ಹವಳಗಳು ಒಂದೇ ರಾತ್ರಿಯಲ್ಲಿ ಜಲ್ಲಿಯಾಗುತ್ತವೆ. ಆದ್ದರಿಂದ ಹಡಗನ್ನು ಕಟ್ಟಲು ತಳಕ್ಕೆ ಶಾಶ್ವತವಾಗಿ ಬಿಗಿದ ತೇಲುಗುಂಡು, ಅಂದರೆ ಮೂರಿಂಗ್ ಬಾಯ್, ಇಲ್ಲದ ತಾಣಕ್ಕೆ ಡೈವ್ ಹಡಗನ್ನು ಬಿಡಲೇಬಾರದು. ಡೈವರ್‌ಗಳ ವಿಷಯಕ್ಕೆ ಬಂದರೆ, ಕೆರಿಬಿಯನ್ನಿನ ಸೇಂಟ್ ಲೂಸಿಯಾ ದ್ವೀಪದಲ್ಲಿ 350ಕ್ಕೂ ಹೆಚ್ಚು ಡೈವರ್‌ಗಳನ್ನು ನೀರಿನಡಿ ಹಿಂಬಾಲಿಸಿ ನೋಡಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ನಾಲ್ವರಲ್ಲಿ ಸುಮಾರು ಮೂವರು ಒಮ್ಮೆಯಾದರೂ ಹವಳಕ್ಕೆ ತಾಗಿದ್ದರು. ಕ್ಯಾಮೆರಾ ಹಿಡಿದವರು ಹೆಚ್ಚು ತಾಗಿದರು, ದಡದಿಂದ ನಡೆದು ಇಳಿದವರು ದೋಣಿಯಿಂದ ಇಳಿದವರಿಗಿಂತ ಹೆಚ್ಚು ತಾಗಿದರು. ಇಳಿಯುವ ಮುನ್ನ ಒಂದು ಮಾತು ಎಚ್ಚರಿಸಿ ಬಿಟ್ಟದ್ದರಿಂದ ಏನೂ ಪ್ರಯೋಜನವಾಗಲಿಲ್ಲ. ಗೈಡ್ ಜೊತೆಗಿದ್ದು, ತಾಗಿದ ಕೂಡಲೇ ತಡೆದಾಗ ತಾಗುವಿಕೆ ಬಹಳ ಇಳಿಯಿತು. ಈ ಒಂದು ಅಧ್ಯಯನದಿಂದ ನಾನು ತೆಗೆದುಕೊಳ್ಳುವ ಪಾಠ ಸ್ಪಷ್ಟ: ದಡದ ಹೊಟೇಲಿನಿಂದ ಯಾರೆಂದರೆ ಅವರು ಇಳಿಯುವ ವ್ಯವಸ್ಥೆಗಿಂತ, ಎಣಿಸಿದ ಜನ, ಹೆಸರು ಬರೆದ ಜನ, ಗೈಡಿನ ಕಣ್ಣಳತೆಯಲ್ಲಿ ಇಳಿಯುವ ಹಡಗಿನ ವ್ಯವಸ್ಥೆ ಹವಳಕ್ಕೆ ಸುರಕ್ಷಿತ. ನಾಲ್ಕೈದು ಜನಕ್ಕೆ ಒಬ್ಬ ಗೈಡ್ ಎಂದು ಕಟ್ಟುಪಾಡು ಮಾಡಿದರೆ ಇನ್ನೂ ಒಳ್ಳೆಯದು. ಶೌಚದ ನೀರಿನದ್ದು ಬೇರೆ ಸಮಸ್ಯೆ. ಸಂಸ್ಕರಿಸದ ಕೊಳೆನೀರನ್ನು ದಡದಿಂದ 12 ನಾಟಿಕಲ್ ಮೈಲಿಯೊಳಗೆ ಬಿಡಬಾರದು ಎಂಬ ಅಂತರರಾಷ್ಟ್ರೀಯ ನಿಯಮ ಅಂತರರಾಷ್ಟ್ರೀಯ ಯಾನದ ಹಡಗುಗಳಿಗೆ ಅನ್ವಯಿಸುತ್ತದೆ. ನಮ್ಮ ದ್ವೀಪಗಳ ನಡುವೆಯೇ ಓಡಾಡುವ ಡೈವ್ ಹಡಗಿಗೆ ಅದಕ್ಕಿಂತ ಕಟ್ಟುನಿಟ್ಟಾದ ನಮ್ಮದೇ ಷರತ್ತನ್ನು ಪರವಾನಗಿಯಲ್ಲೇ ಬರೆಯಬೇಕು.

ಎರಡನೆಯ ಆಕ್ಷೇಪ ನ್ಯಾಯದ್ದು. ಲಿವ್‌ಅಬೋರ್ಡ್ ದುಬಾರಿ, ಸಿರಿವಂತರ ಮೋಜು, ಸ್ಥಳೀಯರಿಗೆ ಅದರಿಂದ ಏನು ಸಿಕ್ಕೀತು ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಮೊದಲು ಒಂದು ಗೆರೆ ಎಳೆಯುತ್ತೇನೆ. ನನ್ನ ವಾದ ಜನ ಬದುಕುವ ದ್ವೀಪಗಳಿಗೆ ಅನ್ವಯಿಸುವುದಿಲ್ಲ. ಹ್ಯಾವ್‌ಲಾಕ್ ಎಂಬ ಹಳೆಯ ಹೆಸರಿನ ಸ್ವರಾಜ್ ದ್ವೀಪದಲ್ಲೋ ಕವರತ್ತಿಯಲ್ಲೋ ಒಂದು ಕುಟುಂಬ ತನ್ನ ಮನೆಯ ಎರಡು ಕೋಣೆಯನ್ನು ಪ್ರವಾಸಿಗೆ ಕೊಟ್ಟರೆ ಅದು ಅವರ ಹಕ್ಕು, ಅವರ ಜೀವನ. ಜನರೇ ಇಲ್ಲದ ದ್ವೀಪಕ್ಕೆ ಹೊರಗಿನ ಬಂಡವಾಳ ಬಂದು ಕಟ್ಟುವ ರೆಸಾರ್ಟಿನಿಂದ ಸ್ಥಳೀಯರಿಗೆ ಸಿಗುವುದು ಹೆಚ್ಚಿನಂಶ ಗುಡಿಸುವ, ತೊಳೆಯುವ ಕೆಲಸ. ಹಡಗಿಗೆ ಬೇಕಾದದ್ದು ಸಮುದ್ರ ಬಲ್ಲವರು. 1925ರಲ್ಲಿ ಬರ್ಮಾದಿಂದ ಕರೆತಂದು ಮಧ್ಯ ಅಂಡಮಾನಿನಲ್ಲಿ ನೆಲೆಗೊಳಿಸಿದ ಕರೆನ್ ಸಮುದಾಯದವರನ್ನು ನೋಡಿ. ವಂಡೂರಿನಲ್ಲಿ 1990ರಲ್ಲಿ ಶುರುವಾದ ಅಂಡಮಾನ್ ನಿಕೋಬಾರ್ ಪರಿಸರ ತಂಡದ ಕ್ಷೇತ್ರಕಾರ್ಯಕ್ಕೆ ಬೆನ್ನೆಲುಬಾದವರು ಅವರು. ದೋಣಿ, ಕಾಡು, ಹವಳ, ಆಮೆ ಎಲ್ಲವೂ ಅವರಿಗೆ ಗೊತ್ತು, ಹೊರಗಿನಿಂದ ಬಂದ ವಿಜ್ಞಾನಿಗಳು ಅವರಿಂದ ಕಲಿತಿದ್ದಾರೆ. ಇಂಥವರೇ ಗೈಡ್‌ಗಳಾಗಬೇಕು, ಹಡಗಿನ ಒಡೆಯರೂ ಆಗಬೇಕು. ಪರವಾನಗಿ ಕೊಡುವಾಗ ದ್ವೀಪವಾಸಿಗಳ ಸಹಕಾರ ಸಂಘಗಳಿಗೆ ಮೊದಲ ಆದ್ಯತೆ ಇರಲಿ. ಪ್ರತಿ ಪಯಣದಲ್ಲೂ ಒಂದೆರಡು ಹಾಸಿಗೆ ದ್ವೀಪದ ಶಾಲೆ ಕಾಲೇಜುಗಳ ಮಕ್ಕಳಿಗೆ, ಸಂಶೋಧಕರಿಗೆ ಮೀಸಲಿರಲಿ. ದುಬಾರಿ ಎಂಬ ಮಾತು ಆಗಲೂ ಪೂರ್ತಿ ಹೋಗುವುದಿಲ್ಲ. ಕೆಲವು ಜಾಗಗಳಿಗೆ ಕೆಲವೇ ಜನ ಹೋಗಬಲ್ಲರು ಎಂಬುದನ್ನು ಒಪ್ಪಿಕೊಳ್ಳಬೇಕು. ಅದು ಹಣದಿಂದ ಮಾತ್ರ ತೀರ್ಮಾನವಾಗದಂತೆ ನೋಡಿಕೊಳ್ಳುವುದು ಸರ್ಕಾರದ ಕೆಲಸ.

ಜೀವದ ಸುರಕ್ಷೆಯ ಪ್ರಶ್ನೆಯೂ ಇದೆ. 2019ರ ಸೆಪ್ಟೆಂಬರ್ 2ರಂದು ಕ್ಯಾಲಿಫೋರ್ನಿಯಾದ ಬಳಿ ‘ಕನ್ಸೆಪ್ಷನ್’ ಎಂಬ ಡೈವ್ ಹಡಗಿಗೆ ನಸುಕಿನಲ್ಲಿ ಬೆಂಕಿ ಬಿದ್ದು ಕೆಳಗಿನ ಕೋಣೆಯಲ್ಲಿ ಮಲಗಿದ್ದ 34 ಮಂದಿ ತೀರಿಹೋದರು. ರಾತ್ರಿ ಗಸ್ತು ತಿರುಗುವ ಕಾವಲುಗಾರ ಇರಲಿಲ್ಲ ಎಂಬುದು ತನಿಖೆಯಲ್ಲಿ ಹೊರಬಂತು. 2024ರ ನವೆಂಬರಿನಲ್ಲಿ ಈಜಿಪ್ಟಿನ ಕೆಂಪು ಸಮುದ್ರದಲ್ಲಿ ‘ಸೀ ಸ್ಟೋರಿ’ ಮುಳುಗಿ ಹಲವರು ಸತ್ತರು. ಇವನ್ನು ಮರೆಮಾಚಿ ಲಿವ್‌ಅಬೋರ್ಡನ್ನು ಹೊಗಳುವುದು ಸಲ್ಲದು. ರಾತ್ರಿ ಕಾವಲು, ಮಲಗುವ ಕೋಣೆಗೆ ಎರಡು ಬೇರೆ ಬೇರೆ ಹೊರದಾರಿ, ಹೊಗೆ ಎಚ್ಚರಿಕೆ, ಬ್ಯಾಟರಿ ಚಾರ್ಜ್ ಮಾಡುವುದಕ್ಕೆ ಬೇರೆ ಜಾಗ, ಇವಿಲ್ಲದ ಹಡಗಿಗೆ ಪರವಾನಗಿ ಕೊಡುವುದು ಅಪರಾಧ. ಅಂಡಮಾನಿನ ಮಟ್ಟಿಗೆ ಇನ್ನೊಂದು ಭಯ, ಬುಡಕಟ್ಟುಗಳ ಕುರಿತಾದದ್ದು. ಮನಬಂದಂತೆ ತಿರುಗುವ ಹಡಗುಗಳು, ಹೊರಜಗತ್ತಿನಿಂದ ದೂರವಿರುವ ಬುಡಕಟ್ಟು ವಾಸಿಸುವ ಉತ್ತರ ಸೆಂಟಿನೆಲ್ ದ್ವೀಪದ ಕಡೆ ಹೋದರೆ? 2018ರಲ್ಲಿ ಒಬ್ಬ ಅಮೆರಿಕನ್ ಯುವಕ ಅಲ್ಲಿ ಪ್ರಾಣ ಕಳೆದುಕೊಂಡ. ಅವನ ಪ್ರಾಣಕ್ಕಿಂತ ದೊಡ್ಡ ಅಪಾಯ, ಹೊರಗಿನ ರೋಗ ಹೊತ್ತು ಹೋಗಿ ಆ ಜನರನ್ನೇ ಅಳಿಸಿಬಿಡುವುದು. 1956ರ ಬುಡಕಟ್ಟು ರಕ್ಷಣಾ ನಿಯಮಾವಳಿ ಅಲ್ಲಿಗೆ ಹೋಗುವುದನ್ನು ನಿಷೇಧಿಸಿದೆ. ಹೇಳಬೇಕಾದದ್ದು ಏನೆಂದರೆ, 2018ರ ಆ ಯುವಕ ಹೋದದ್ದು ಡೈವ್ ಹಡಗಿನಲ್ಲಲ್ಲ, ಹಣ ಕೊಟ್ಟು ಗೊತ್ತು ಮಾಡಿದ ಮೀನುದೋಣಿಯಲ್ಲಿ. ದಾರಿ ನಿಗದಿಯಾದ, ತಾನಿರುವ ಸ್ಥಳವನ್ನು ಕ್ಷಣಕ್ಷಣಕ್ಕೂ ರೇಡಿಯೋ ಸಂಕೇತದಿಂದ ತಿಳಿಸುತ್ತಲೇ ಇರುವ ಹಡಗಿನ ಮೇಲೆ ಕಣ್ಣಿಡುವುದು ಸುಲಭ. ಆ ಸಂಕೇತ ಆರಿಸಿದ ಹಡಗಿನ ಪರವಾನಗಿ ಅದೇ ದಿನ ರದ್ದಾಗಬೇಕು.

ಅಷ್ಟೆಲ್ಲ ಕಷ್ಟಪಟ್ಟು ಹೋಗುವುದಾದರೂ ಏಕೆ, ಆ ದ್ವೀಪಗಳನ್ನು ಅವುಗಳ ಪಾಡಿಗೆ ಬಿಟ್ಟುಬಿಡಿ ಎನ್ನುವವರ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ತಟ್ಟುತ್ತದೆ. ಕೆಲವು ದ್ವೀಪಗಳನ್ನು ಹಾಗೆ ಬಿಡಲೇಬೇಕು. ಎಲ್ಲವನ್ನೂ ಬಿಟ್ಟರೆ ಅವುಗಳ ಪರವಾಗಿ ಮಾತಾಡುವವರು ಯಾರು? ತಿಮಿಂಗಿಲ ಶಾರ್ಕಿನ ಕಥೆ ಇದೇ ದೆಹಲಿಗೆ ಸೇರಿದ್ದು. ಗುಜರಾತಿನ ತೀರದಲ್ಲಿ ಈ ಸಾಧುಮೀನನ್ನು, ಜಗತ್ತಿನ ಅತಿ ದೊಡ್ಡ ಮೀನನ್ನು, ಕೊಕ್ಕೆ ಹಾಕಿ ಎಳೆದು ಕಡಿಯುತ್ತಿದ್ದುದನ್ನು ದೆಹಲಿಯ ಚಿತ್ರನಿರ್ಮಾಪಕ ಮೈಕ್ ಪಾಂಡೆ 2000ದಲ್ಲಿ ‘ಶೋರ್ಸ್ ಆಫ್ ಸೈಲೆನ್ಸ್’ ಎಂಬ ಸಾಕ್ಷ್ಯಚಿತ್ರದಲ್ಲಿ ತೋರಿಸಿದರು. 2001ರಲ್ಲಿ ಕೇಂದ್ರ ಸರ್ಕಾರ ಅದನ್ನು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿತು. ನೊಯಿಡಾದಲ್ಲಿ ಕಚೇರಿಯಿರುವ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ 2004ರಿಂದ ಗುಜರಾತಿನ ಮೀನುಗಾರರ ನಡುವೆ ಕೆಲಸ ಮಾಡಿತು. ಬೇಟೆಯಾಡಿದ ಕೈಗಳೇ ಬಲೆ ಕತ್ತರಿಸಿ ನೂರಾರು ಮೀನುಗಳನ್ನು ಬಿಟ್ಟವು, ಕತ್ತರಿಸಿದ ಬಲೆಗೆ ಪರಿಹಾರ ಸಿಕ್ಕಿತು. ಕಂಡವರಿದ್ದರು, ಅದಕ್ಕೇ ಕಾನೂನು ಬಂತು. ಇಂದು ಜಗತ್ತಿನೆಲ್ಲೆಡೆ ಸಾಮಾನ್ಯ ಡೈವರ್‌ಗಳು ತೆಗೆದ ಚಿತ್ರಗಳಿಂದ ತಿಮಿಂಗಿಲ ಶಾರ್ಕ್‌ಗಳನ್ನು ಒಂದೊಂದಾಗಿ ಗುರುತಿಸುತ್ತಾರೆ. ಅದರ ಕಿವಿರುಗಳ ಹಿಂದಿನ ಬಿಳಿ ಚುಕ್ಕೆಗಳ ವಿನ್ಯಾಸ ಒಂದರದ್ದು ಇನ್ನೊಂದರ ಹಾಗಿರುವುದಿಲ್ಲ. ಆಕಾಶದ ನಕ್ಷತ್ರಗಳ ನಕ್ಷೆ ಹೋಲಿಸಲು ಖಗೋಳ ವಿಜ್ಞಾನಿಗಳು ರೂಪಿಸಿದ ಲೆಕ್ಕಾಚಾರವನ್ನೇ ಆ ಚುಕ್ಕೆಗಳಿಗೂ ಬಳಸುತ್ತಾರೆ. ಹಾಗೆಂದು ಹಡಗುಗಳು ಹವಳವನ್ನು ಕಾಪಾಡಿಬಿಡುತ್ತವೆ ಎಂಬ ಭ್ರಮೆ ಬೇಡ. ಲಕ್ಷದ್ವೀಪದ ಮೂರು ಹವಳದ್ವೀಪಗಳಲ್ಲಿ 1998ರಿಂದ ನಡೆದ ದೀರ್ಘ ಅಧ್ಯಯನದ ಪ್ರಕಾರ ಸಮುದ್ರದ ಬಿಸಿ ಏರಿದಾಗಲೆಲ್ಲ ಹವಳ ಬಿಳಿಚಿ, ಎರಡು ದಶಕಗಳಲ್ಲಿ ಅದರ ಹೊದಿಕೆ ಸುಮಾರು ಅರ್ಧಕ್ಕೆ ಇಳಿದಿದೆ. ವಿಮಾನ, ಡೀಸೆಲ್ ಎರಡನ್ನೂ ಬಳಸುವ ಡೈವರ್ ಆ ಬಿಸಿಗೆ ತನ್ನ ಪಾಲು ಸೇರಿಸುತ್ತಾನೆ. ಆದ್ದರಿಂದಲೇ ಹಡಗುಗಳು ಕೆಲವೇ ಇರಬೇಕು, ಹೋದವರು ಕಂಡದ್ದನ್ನು ದಾಖಲಿಸಿ ವಿಜ್ಞಾನಿಗಳ ಕೈಗೆ ಕೊಡಬೇಕು.

ದೆಹಲಿಯ ಕಚೇರಿಗಳಲ್ಲಿ ಈಗ ಗಾಳಿ ಬೇರೆ ಕಡೆ ಬೀಸುತ್ತಿದೆ. ಗ್ರೇಟ್ ನಿಕೋಬಾರ್ ದ್ವೀಪದಲ್ಲಿ ಬಂದರು, ಪಟ್ಟಣ ಕಟ್ಟುವ ಯೋಜನೆ ತೀರಾ ದೊಡ್ಡ ಚರ್ಚೆ, ಅದಕ್ಕೆ ಬೇರೆಯೇ ಭಾಷಣ ಬೇಕು. ಪ್ರವಾಸದ ಮಟ್ಟಿಗೇ ನೋಡಿದರೂ ನೀತಿ ಆಯೋಗ ಮುಂದಿಟ್ಟ ಯೋಜನೆಗಳಲ್ಲಿ ಅಂಡಮಾನಿನ ಸ್ಮಿತ್, ಏವ್ಸ್‌ನಂಥ ಸಣ್ಣ ದ್ವೀಪಗಳೂ ಲಕ್ಷದ್ವೀಪದ ಜನವಸತಿಯಿಲ್ಲದ ಸುಹೇಲಿಯೂ ಸೇರಿವೆ. ಸುಹೇಲಿಯ ಲಗೂನಿನಲ್ಲಿ ನೀರಿನ ಮೇಲೆ ಕಟ್ಟುವ ವಿಲ್ಲಾಗಳ ಪ್ರಸ್ತಾವವೂ ಇದೆ. ಲಕ್ಷದ್ವೀಪದ ಅಗತ್ತಿಯ ಒಂದು ರೆಸಾರ್ಟಿನ ತಕರಾರು 2012ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಾಗ, ಕರ್ನಾಟಕ ಹೈಕೋರ್ಟಿನಲ್ಲಿ ಬಹಳ ವರ್ಷ ನ್ಯಾಯಾಧೀಶರಾಗಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ನೇತೃತ್ವದಲ್ಲಿ ಸಮಿತಿ ನೇಮಕವಾಯಿತು. ಲಕ್ಷದ್ವೀಪದ ಸಮಗ್ರ ನಿರ್ವಹಣಾ ಯೋಜನೆಗಳಿಗೆ ಆ ಸಮಿತಿಯ ವರದಿಯೇ ಆಧಾರ. ದ್ವೀಪ ಎಷ್ಟು ಭಾರ ಹೊರಬಲ್ಲದು ಎಂದು ಮೊದಲು ಅಳೆದು ಆಮೇಲೆ ಕಟ್ಟುವ ಮಾತಾಡಿ ಎಂಬ ವಿವೇಕ ನಮ್ಮ ವ್ಯವಸ್ಥೆಯೊಳಗೇ ಇದೆ. ಅದನ್ನು ನೆನಪಿಸಬೇಕಾಗಿದೆ.

ನೆನಪಿಸುವ ಕೆಲಸ ನಿಮ್ಮಿಂದ ಆಗುತ್ತದೆ. ಪರಿಸರ ಸಚಿವಾಲಯದ ‘ಪರಿವೇಶ್’ ಜಾಲತಾಣದಲ್ಲಿ ತಜ್ಞರ ಸಮಿತಿಗಳ ಸಭೆಯ ವಿಷಯಪಟ್ಟಿ, ನಡಾವಳಿ ಪ್ರಕಟವಾಗುತ್ತವೆ, ಯಾರು ಬೇಕಾದರೂ ಓದಬಹುದು. ಪರಿಸರ ಸಂರಕ್ಷಣಾ ನಿಯಮಗಳಡಿ ಕರಡು ಅಧಿಸೂಚನೆ ಹೊರಟರೆ ಆಕ್ಷೇಪ ಸಲ್ಲಿಸಲು 60 ದಿನಗಳ ಕಾಲಾವಕಾಶವಿರುತ್ತದೆ. ದೆಹಲಿ ಸುತ್ತಲಿನ ಕನ್ನಡಿಗರಲ್ಲಿ ವಕೀಲರಿದ್ದಾರೆ, ವಿಜ್ಞಾನಿಗಳಿದ್ದಾರೆ, ಇದೇ ಸಚಿವಾಲಯಗಳಲ್ಲಿ ಕೆಲಸ ಮಾಡುವವರಿದ್ದಾರೆ. ನಿರ್ಜನ ದ್ವೀಪದಲ್ಲಿ ಕೋಣೆ ಕಟ್ಟುವ ಪ್ರಸ್ತಾವ ಕಂಡಾಗ ‘ಇದರ ಬದಲು ಎಣಿಸಿದ ಹಡಗುಗಳನ್ನು ಬಿಡಬಾರದೇಕೆ’ ಎಂದು ಬರೆದು ಕೇಳಿ. ನಿಮ್ಮ ಮನೆಯ ಮಕ್ಕಳು ಡೈವಿಂಗಿಗೆ ಹೊರಟು ನಿಂತಿದ್ದರೆ, ಹಣ ಕಟ್ಟುವ ಮೊದಲು ಹಡಗಿನವರಿಗೆ ನಾಲ್ಕು ಪ್ರಶ್ನೆ ಹಾಕಲು ಹೇಳಿ: ಲಂಗರು ಹಾಕುತ್ತೀರೋ ಮೂರಿಂಗಿಗೆ ಕಟ್ಟುತ್ತೀರೋ? ಶೌಚದ ನೀರು ಎಲ್ಲಿಗೆ ಹೋಗುತ್ತದೆ? ಒಬ್ಬ ಗೈಡಿಗೆ ಎಷ್ಟು ಜನ? ರಾತ್ರಿ ಎಚ್ಚರವಿರುವವರು ಯಾರು? ನಾಲ್ಕಕ್ಕೂ ನೇರ ಉತ್ತರ ಕೊಡದ ಹಡಗನ್ನು ಹತ್ತಬೇಡಿ.